ಹಿಂದೆ ನಿಲ್ಲುವವರು

ಯೂಮಾ, ಅರಿಜೋನಾ
ಜನವರಿ 14, 2024

ಪ್ರಿಯ ಕರ್ಟಿಸ್,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡು ನೀನು ಗಾಬರಿಯಾಗಿರುತ್ತೀಯ. ಏನೂ ಆಗಿಲ್ಲ, ಅಪ್ಪನೂ ನಾನೂ ಚೆನ್ನಾಗಿದ್ದೇವೆ. ಒಂದು ಕಡೆ ನೆಲೆಯಾದ ಮೇಲೆ ಕೂತು ಬರೆಯುತ್ತೇನೆ ಎಂದಿದ್ದೆ. ನೆಲೆಯಾಗುವುದೇ ಇಷ್ಟು ತಡವಾಯಿತು, ಕ್ಷಮಿಸು. ದಿನವೂ ಫೋನಿದೆಯಲ್ಲ, ಕಾಗದ ಯಾಕೆ ಎಂದು ಕೇಳಬಹುದು. ಫೋನಿನಲ್ಲಿ ಗಂಡ ಹೆಂಡತಿ ನಾವಿಬ್ಬರೂ ನೆಲಮಾಳಿಗೆಯ ಹೀಟರ್, ನಾಯಿಯ ಕುಂಟುಕಾಲು, ನಿನ್ನ ಐಸ್ ಹಾಕಿ ಅಂಗಳದ ಐಸ್ ಎಷ್ಟು ಗಟ್ಟಿಯಾಗಿದೆ ಎನ್ನುವುದು, ಇಷ್ಟನ್ನು ಹೇಳಿ ಮುಗಿಸುತ್ತೇವೆ. ಅದು ತಪ್ಪೆಂದು ಹೇಳುತ್ತಿಲ್ಲ. ಆದರೆ ಈ ವಾರ ನಡೆದದ್ದು ಅಷ್ಟರಲ್ಲಿ ಹಿಡಿಸುವಂಥದ್ದಲ್ಲ.

ಮೊದಲು ಸುದ್ದಿ: ಅಪ್ಪನಿಗೆ ಚಳಿಗಾಲ ಕಳೆಯಲು ಜಾಗ ಸಿಕ್ಕಿತು. ಎಲ್ಲಿ ಗೊತ್ತೇ? ಅಪ್ಪ ಅಮ್ಮ ಪ್ರತಿ ಚಳಿಗಾಲ ಮನೆಗಾಡಿ ತಂದು ನಿಲ್ಲಿಸುತ್ತಿದ್ದ ಅದೇ ಹಳೆಯ ಪಾರ್ಕು, ಅದೇ ಹಳೆಯ ಜಾಗ. ನಗಬೇಡ. ಅಷ್ಟು ಸುತ್ತಿ ಇಲ್ಲಿಗೇ ಬಂದೆವೇ ಎಂದು ನಾನೂ ನಕ್ಕಿದ್ದಾಯಿತು.

ಡಾಕ್ಟರು ನಮ್ಮಿಬ್ಬರೆದುರೇ ಹೇಳಿದ್ದರಲ್ಲ, ಕೆನಡಾದಲ್ಲಿ, ಅದೂ ನಮ್ಮ ಸಸ್ಕಾಚೆವಾನಿನಲ್ಲಿ, ಇನ್ನೊಂದು ಚಳಿಗಾಲವನ್ನು ಅಪ್ಪನ ಶ್ವಾಸಕೋಶ ತಡೆಯುವುದು ಕಷ್ಟ ಎಂದು. ಆದರೂ ಅಮ್ಮ ಹೋದ ಮೇಲೆ ಅಪ್ಪನದು ಒಂದೇ ಹಟ: ಯೂಮಾ ಬೇಡ, ಹೊಸ ಜಾಗ ಹುಡುಕೋಣ, ಈ ತಿಂಗಳೊಳಗೆ ಸಿಗದಿದ್ದರೆ ಮನೆಗಾಡಿ ಮಾರಿ ನಿಮ್ಮ ನೆಲಮಾಳಿಗೆಗೆ ಬಂದುಬಿಡುತ್ತೇನೆ. ಅಮ್ಮನನ್ನು ಬಲ್ಲ ಸ್ನೇಹಿತರ ನಡುವೆ ಒಬ್ಬನೇ ಕೂರಲಾಗದೆ ಹೀಗನ್ನುತ್ತಿದ್ದಾನೆ ಎಂದು ನಾನು ಅಂದುಕೊಂಡೆ. ಅಂದುಕೊಂಡು, ಅವನನ್ನು ಏನೂ ಕೇಳದೆ, ಬಹಳ ಸೂಕ್ಷ್ಮವಾಗಿ ನಡೆದುಕೊಳ್ಳುತ್ತಿದ್ದೇನೆ ಎಂಬ ಸಮಾಧಾನದಲ್ಲಿದ್ದೆ.

ಮೊದಲು ಕ್ಯಾಲಿಫೋರ್ನಿಯಾದ ಬಿಸಿನೀರಿನ ಬುಗ್ಗೆಗಳ ಊರು. ಬೆಳಿಗ್ಗೆ ಎದ್ದು ಬಿಸಿ ಕೊಳದಲ್ಲಿ ಕುತ್ತಿಗೆಮಟ್ಟ ಕೂತರೆ ಎದುರಿಗೆ ಮಂಜು ಹೊತ್ತ ಬೆಟ್ಟ. ನಾನಂತೂ ಅಲ್ಲೇ ಇದ್ದುಬಿಡುತ್ತಿದ್ದೆ. ಅಪ್ಪ ಮೂರನೆಯ ದಿನ, "ಗಾಳಿ ಜಾಸ್ತಿ ಕಣೇ, ರಾತ್ರಿಯೆಲ್ಲ ಗಾಡಿ ತೊಟ್ಟಿಲು ತೂಗ್ದಂಗೆ ತೂಗುತ್ತೆ" ಎಂದ. ಆಮೇಲೆ ಕೊಲರಾಡೋ ನದಿಯ ದಡ. ಅಲ್ಲಿ ನೆರೆಯವರ ನಾಯಿಗಳು ಜಾಸ್ತಿ. "ಮನುಷ್ಯರಿಗಿಂತ ನಾಯಿಗಳಿಗೇ ಸ್ವೆಟರ್ ಹಾಕಿದಾರೆ ನೋಡು. ಇಂಥ ಕಡೆ ನಾನಿರಲ್ಲ." ಅಲ್ಲಿಂದ ಬರೀ ಮರುಭೂಮಿ. ಪಾರ್ಕೂ ಇಲ್ಲ, ಬೇಲಿಯೂ ಇಲ್ಲ, ಕಣ್ಣು ಹಾಯುವಷ್ಟು ದೂರ ಗಾಡಿಗಳು ಇಷ್ಟ ಬಂದಂತೆ ನಿಂತಿರುತ್ತವೆ. ಅಲ್ಲಿ ಅಪ್ಪನ ಮುಖ ಅರಳಿತು. ಪಿಕಪ್ ಟ್ರಕ್ಕನ್ನು ನೇರ ಓಡಿಸಿಕೊಂಡು ಹೋಗಿ, ಹಿಂದೆ ಕಟ್ಟಿದ ಮನೆಗಾಡಿಯ ಸಮೇತ ಒಂದು ದೊಡ್ಡ ಸುತ್ತು ಹಾಕಿ, ರಾಜನ ಹಾಗೆ ಇಳಿದ. "ಇದು ಜಾಗ ಅಂದ್ರೆ!" ಆದರೆ ಅಲ್ಲಿ ಕರೆಂಟಿಲ್ಲ. ನಿದ್ದೆಯಲ್ಲಿ ಉಸಿರಿಗೆ ನೆರವಾಗುವ ಅವನ ಯಂತ್ರ ಬ್ಯಾಟರಿಯ ಮೇಲೆ ಬೆಳಗಿನವರೆಗೆ ನಡೆಯುವುದಿಲ್ಲ. ಎರಡು ಸಲ ಅದು ನಿಂತುಹೋಗಿ, ಬೆಳಿಗ್ಗೆ ಅವನ ತುಟಿಯ ಬಣ್ಣ ನೋಡಿ, ನಾನೇ ಹೊರಡಿಸಿದೆ.

ಹೊರಡುವ ಮುಂಚೆ ಅಪ್ಪ ಪಿಕಪ್ಪಿನಲ್ಲಿ ಕೂತು ಒಂದಾದ ಮೇಲೊಂದು ಪಾರ್ಕಿಗೆ ಫೋನು ಮಾಡುತ್ತಿದ್ದ. ಬಿಸಿಲಿದೆಯೇ, ಆಸ್ಪತ್ರೆ ಎಷ್ಟು ದೂರ, ಸಂಜೆ ಇಸ್ಪೀಟಾಡುವವರಿದ್ದಾರೆಯೇ, ಒಂದೂ ಇಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ: "ಮುಂದಿನಿಂದ ನುಗ್ಗಿ ಮುಂದಕ್ಕೇ ಹೊರಗೆ ಬರೋ ಜಾಗ ಇದೆಯೇನಮ್ಮಾ?" ಆ ಕಡೆಯ ಹೆಂಗಸಿನ ದನಿ ನನಗೂ ಕೇಳುತ್ತಿತ್ತು. "ಇದೆ ಸಾರ್, ಆದ್ರೆ ಅವು ದಾರಿಹೋಕರಿಗೆ. ಒಂದೆರಡು ದಿನ ಅಷ್ಟೇ. ಇಡೀ ಸೀಸನ್ ಇರೋರು ಗಾಡಿನ ಹಿಂದಕ್ಕೆ ತಗೊಂಡೇ ನಿಲ್ಲಿಸ್ಬೇಕು."

ಆಗ ನನಗೆ ಹೊಳೆಯಿತು. ಬುಗ್ಗೆಗಳ ಊರಿನಲ್ಲೂ ನದಿಯ ದಡದಲ್ಲೂ ನಾವಿದ್ದದ್ದು ದಾರಿಹೋಕರ ಜಾಗದಲ್ಲೇ. ಅವನು ಅಲ್ಲಿಂದ ಹೊರಟದ್ದಕ್ಕೆ ಕಾರಣ ಗಾಳಿಯೂ ಅಲ್ಲ, ನಾಯಿಯೂ ಅಲ್ಲ.

"ಅಪ್ಪಾ, ನಿನಗೆ ಹಿಂದಕ್ಕೆ ತಗೊಳ್ಳೋಕೆ ಭಯಾನಾ?" ಎಂದೆ.

"ಭಯ ಯಾಕೆ? ಕೊಯ್ಲಿನ ಯಂತ್ರನೇ ಹಿಂದಕ್ಕೆ ಓಡಿಸಿದೋನು ನಾನು."

"ಮತ್ತೆ?"

ಬಹಳ ಹೊತ್ತು ಕನ್ನಡಿ ಸರಿಮಾಡಿದ. "ಹಿಂದೆ ಯಾರು ನಿಲ್ತಾರೆ?" ಎಂದ.

ಊರು ಬಿಡುವ ಮುಂಚೆ ನೀನು ಆ ಗಾಡಿಯ ಹಿಂದೆ ಕ್ಯಾಮೆರಾ ಕೂರಿಸಿಕೊಟ್ಟೆಯಲ್ಲ, ಅದನ್ನು ನೆನಪಿಸಿದೆ. ಬೇಜಾರು ಮಾಡಿಕೊಳ್ಳಬೇಡ, ಅವನು ಅದರ ಪರದೆಯ ಮೇಲೆ ಟೇಪು ಅಂಟಿಸಿದ್ದಾನೆ. "ಅದಕ್ಕೆ ನಿಮ್ಮಮ್ಮನ ಹಾಗೆ ಬೈಯೋಕೆ ಬರಲ್ಲ. ಬೈಯದೇ ಇದ್ರೆ ನನಗೆ ಎಷ್ಟು ಹತ್ರ ಬಂದೆ ಅಂತ ಗೊತ್ತಾಗಲ್ಲ" ಎಂದ.

"ನಾನಿದೀನಲ್ಲ, ನಾನು ನಿಲ್ತೀನಿ."

"ನೀನಾ? ಲೈಬ್ರರಿ ಮೇಡಂ! ಸರಿ, ಮೆತ್ತಗೆ ಮಾತಾಡ್ಬೇಡ ಅಷ್ಟೆ."

ಹಳೆಯ ಪಾರ್ಕಿಗೆ ಹೋಗೋಣ ಎಂದದ್ದು ನಾನು. ಅವನು ಬೇಡವೆನ್ನಲಿಲ್ಲ. ಪಕ್ಕದ ಜಾಗದ ಫರ್ನ್ ನಿನಗೆ ನೆನಪಿರಬಹುದು, ಮಿನೆಸೋಟಾದವರು, ಅಮ್ಮನ ತಿಥಿ ಊಟಕ್ಕೆ ಅಷ್ಟು ದೂರದಿಂದ ಕಾರಿನಲ್ಲಿ ಬಂದಿದ್ದರು. ಫೋನು ಮಾಡಿದರೆ, "ನಿಮ್ಮ ಜಾಗನ ಯಾರಿಗೂ ಕೊಡಬೇಡಿ ಅಂತ ಆಫೀಸಿನಲ್ಲಿ ದಿನಾ ಜಗಳ ಆಡ್ತಿದೀನಿ, ಬೇಗ ಬನ್ನಿ" ಎಂದರು.

ಹೊಸ ಗಾಡಿ ಬರುತ್ತದೆಂದರೆ ಈ ಪಾರ್ಕುಗಳಲ್ಲಿ ಏನಾಗುತ್ತದೆಂದು ನೀನು ನೋಡಿಲ್ಲ. ಸಾಲಿನವರೆಲ್ಲ ಮಡಿಸುವ ಕುರ್ಚಿ ಹೊರಗೆ ತಂದು ಹಾಕಿಕೊಂಡು, ಕೈಯಲ್ಲೊಂದು ಲೋಟ ಹಿಡಿದು ಕೂರುತ್ತಾರೆ. ಗಂಡ ಹಿಂದಕ್ಕೆ ಓಡಿಸುವುದು, ಹೆಂಡತಿ ಹಿಂದೆ ನಿಂತು ಕೈ ಬೀಸುವುದು, ಇಬ್ಬರೂ ಕೂಗಾಡುವುದು: ಇವರಿಗೆ ಅದಕ್ಕಿಂತ ದೊಡ್ಡ ಮನರಂಜನೆ ಇಲ್ಲ. ಮೊನ್ನೆ ಅವರಿಗೆ ಹಬ್ಬ.

ನಾನು ಎರಡೂ ಕೈ ಎತ್ತಿ ಬೀಸಿದೆ. ಫರ್ನ್‌ನ ಗಂಡ ಡೆಲ್ಮರ್, "ಯಾರಮ್ಮಾ ನೀನು, ವಿಮಾನ ಇಳಿಸ್ತಿದೀಯಾ?" ಎಂದು ಕೂಗಿದರು. ಗಾಡಿ ಸ್ವಲ್ಪ ಬಂತು, ನಿಂತಿತು. ನಾನು ಬಾ ಬಾ ಎಂದೆ. ಮತ್ತೆ ಸ್ವಲ್ಪ ಬಂತು, ಗಕ್ಕನೆ ನಿಂತಿತು. ಮೂರನೆಯ ಸಲ ದಾರಿಗೆ ಅಡ್ಡಲಾಗಿಯೇ ನಿಂತುಬಿಟ್ಟಿತು. ಆ ಕಡೆ ಒಂದು ಕಾರು, ಈ ಕಡೆ ಸೈಕಲ್ಲಿನಲ್ಲಿ ಒಬ್ಬ ಅಜ್ಜಿ. "ಆರ್ವಿಡ್, ನೀನು ಒಳಗೆ ಬರೋಷ್ಟರಲ್ಲಿ ಊರಿಗೆ ವಾಪಸ್ ಹೋಗೋ ಕಾಲ ಬರುತ್ತೆ ಕಣಯ್ಯಾ!" ಎಂದು ಯಾರೋ ಅಪ್ಪನಿಗೆ ಅಂದರು. ನನಗೆ ರೇಗಿತು. ಹೋಗಿ ಕಿಟಕಿ ತಟ್ಟಿದೆ.

"ಯಾಕೆ ಪದೇ ಪದೇ ನಿಲ್ಲಿಸ್ತೀಯಾ?"

"ನೀನು ನಿಲ್ಲು ಅಂದೆ, ನಿಲ್ಲಿಸ್ದೆ."

"ನಾನೆಲ್ಲಿ ಅಂದೆ?"

"ಸೊಂಟದ ಮೇಲೆ ಕೈ ಇಟ್ಕೊಂಡ್ಯಲ್ಲಾ! ಮತ್ತೆ ಹೇಳ್ತಾಳೆ."

ಹೌದು, ಇಟ್ಟುಕೊಂಡಿದ್ದೆ. ಅವನು ಕನ್ನಡಿ ನೋಡುತ್ತಾ ಯೋಚಿಸುವಾಗೆಲ್ಲ ನಾನು ಹಾಗೆ ನಿಂತು ಕಾಯುತ್ತಿದ್ದೆ. ಕರ್ಟಿಸ್, ಎಷ್ಟು ಚಳಿಗಾಲ ಅಪ್ಪ ಅಮ್ಮ ಇಬ್ಬರೂ ಈ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೋ, ಅಷ್ಟರಲ್ಲಿ ಅವರದೇ ಒಂದು ಭಾಷೆ ಹುಟ್ಟಿಬಿಟ್ಟಿದೆ. ಅಪ್ಪ ಕೆಳಗಿಳಿದು ಅಲ್ಲೇ ದಾರಿಯ ನಡುವೆ ನಿಂತು ನನಗೆ ಕಲಿಸಿದ. ಸೊಂಟದ ಮೇಲೆ ಕೈ ಎಂದರೆ ನಿಲ್ಲು. ಗಾಳಿಯಲ್ಲಿ ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದರೆ ನಿಧಾನ. ತಲೆಯ ಮೇಲೆ ಕೈ ಎಂದರೆ ಮೇಲೆ ಕೊಂಬೆಯಿದೆ. ಏಪ್ರನ್ನಿಗೆ ಕೈ ಒರೆಸಿಕೊಂಡರೆ, ಆಯಿತು, ಇಂಜಿನ್ ನಿಲ್ಲಿಸು. ಕನ್ನಡಿಯಲ್ಲಿ ಎಡಬಲ ಕಲಸಿಹೋಗಬಾರದೆಂದು ಎಡಗೈಗೆ ಓವನ್ನಿನ ಕೆಂಪು ಕೈಗವಸು. ಅದು ಅಡುಗೆ ಡ್ರಾಯರಿನಲ್ಲೇ ಇತ್ತು. ಆ ಸುಟ್ಟ ಕಲೆಯ ಗವಸನ್ನು ಈ ಪ್ರಯಾಣದಲ್ಲಿ ನಾನು ಎಷ್ಟು ಸಲ ಪಕ್ಕಕ್ಕೆ ಸರಿಸಿ ಚಮಚ ತೆಗೆದುಕೊಂಡಿದ್ದೇನೋ.

ನಾನದನ್ನು ಹಾಕಿಕೊಂಡೆ. ಕುರ್ಚಿಗಳಲ್ಲಿದ್ದವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅವರೆಲ್ಲರಿಗೂ ಆ ಗವಸಿನ ಗುರುತಿತ್ತು. ಗಾಡಿ ಒಂದೇ ಏಟಿಗೆ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಒಳಗೆ ಬಂತು. ಏಪ್ರನ್ ಇರಲಿಲ್ಲ, ಜೀನ್ಸಿಗೆ ಕೈ ಒರೆಸಿಕೊಂಡೆ. ಇಂಜಿನ್ ನಿಂತಿತು. ಅಪ್ಪ ಕೂಡಲೇ ಇಳಿಯಲಿಲ್ಲ, ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಫರ್ನ್ ಎದ್ದು ಹೋಗಿ ಪಿಕಪ್ಪಿನ ಬಾಗಿಲು ತೆಗೆದು, "ಇಳಿಯಯ್ಯಾ, ಕಾಫಿ ಆರಿಹೋಗುತ್ತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಮ್ಮ ಆಗಿದ್ರೆ ಇಷ್ಟು ಹೊತ್ತಿಗೆ ಅವನಿಗೆ ಎರಡು ಸಲ ಕತ್ತೆ ಅಂದಿರೋಳು. ನೀನು ಇನ್ನೂ ಕಲೀಬೇಕು" ಎಂದರು.

ಈಗ ಎಲ್ಲ ಅದರದರ ಜಾಗದಲ್ಲಿದೆ. ನೀರಿನ ಪೈಪು ಸೇರಿಸಿದ್ದಾಯಿತು, ಗಾಡಿಯ ಚಪ್ಪರ ಹರಡಿದ್ದಾಯಿತು. ಯಂತ್ರಕ್ಕೆ ಕರೆಂಟಿದೆ, ಅಪ್ಪನ ತುಟಿಗೆ ಬಣ್ಣ ಬಂದಿದೆ. 'ಆರ್ವಿಡ್ ಮತ್ತು ವರ್ನಾ' ಎಂಬ ಮರದ ಹಲಗೆಯನ್ನು ಬಾಗಿಲ ಮುಂದೆ ತೂಗುಹಾಕಿದ. ಅಮ್ಮನ ಹೆಸರು ತೆಗೆಯುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ. ನಿನ್ನೆ ಎಲ್ಲರೂ ಒಂದೊಂದು ಅಡುಗೆ ತರುವ ಊಟವಿತ್ತು. ನಾನು ಅಮ್ಮನ ಆಲೂಗೆಡ್ಡೆ ಸಲಾಡ್ ಮಾಡಿ ಉಪ್ಪು ಹಾಕುವುದನ್ನೇ ಮರೆತೆ. ಡೆಲ್ಮರ್ ಮಾತ್ರ ಎರಡು ಸಲ ಹಾಕಿಸಿಕೊಂಡರು, ವೈದ್ಯರು ಉಪ್ಪು ಬಿಡಿಸಿದ್ದಾರಂತೆ. ನಿಂಬೆಯ ಗಿಡಗಳ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ, ತೋಳಿಲ್ಲದ ಅಂಗಿಯಲ್ಲಿ.

ಇವತ್ತು ತಿಂಡಿಯ ಹೊತ್ತಿಗೆ ಅಪ್ಪ, "ಇನ್ನು ನೀನು ಯಾವಾಗ ಬೇಕಾದ್ರೂ ಹೊರಡು ಮಗಳೇ. ವಸಂತದಲ್ಲಿ ಇಲ್ಲಿಂದ ಮುಂದಕ್ಕೆ ತಾನೇ ಹೋಗೋದು. ಮುಂದಕ್ಕೆ ಹೋಗೋಕೆ ನನಗೆ ಯಾರೂ ಬೇಡ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಇರೋದಾದ್ರೆ ಇರು" ಎಂದೂ ಸೇರಿಸಿದ. ಶಾಲೆಯ ಲೈಬ್ರರಿ ಕೆಲಸಕ್ಕೆ ನಾನು ಹಾಕಿದ ರಜೆ ಮಾರ್ಚಿನವರೆಗೆ ಇದೆ. ನಾನಿನ್ನೂ ಯಾವುದನ್ನೂ ನಿರ್ಧರಿಸಿಲ್ಲ.

ನಾಯಿಗೆ ಮುದ್ದು. ನಿನ್ನ ಐಸ್ ಬಿರುಕು ಬಿಡದಿರಲಿ, ನೀನು ಹಾಕಿ ಕಲಿಸುವ ಹುಡುಗರು ಒಂದಾದರೂ ಪಂದ್ಯ ಗೆಲ್ಲಲಿ, ಬೆಳಿಗ್ಗೆ ನಿನ್ನ ಕಾರು ಮೊದಲ ಸಲಕ್ಕೇ ಚಾಲೂ ಆಗಲಿ. ಟೋಪಿ ಹಾಕಿಕೋ.

ನಿನ್ನ,
ಜಾನೆಲ್

ಮರೆತದ್ದು: ಮರೆತದ್ದಲ್ಲ, ಇಡೀ ಕಾಗದದಲ್ಲಿ ಇದನ್ನು ಎಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. ನಾವು ಹೊರಟ ಬೆಳಿಗ್ಗೆ ನೀನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಒಂದು ಕೈ ಎತ್ತಿದೆ, ಅಂಗೈ ಗಾಜಿಗೆ ತಾಗುವ ಹಾಗೆ. ಪಿಕಪ್ಪಿನ ಪಕ್ಕದ ಕನ್ನಡಿಯಲ್ಲಿ ಅದನ್ನು ನೋಡಿದೆ. ಅದು 'ಹೋಗಿ ಬಾ' ಎಂದೋ 'ನಿಲ್ಲು' ಎಂದೋ ನನಗೆ ತಿಳಿಯಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ತಿಳಿಯಲಿಲ್ಲ. ಅಪ್ಪ ಗೇರ್ ಹಾಕಿದ, ನಾವು ಮುಂದಕ್ಕೆ ಹೋದೆವು. ಯಾವುದಾಗಿತ್ತು ಎಂದು ಬರೆ. ಫೋನಿನಲ್ಲಿ ಬೇಡ.