ಎದುರಾಳಿಗಳೆಲ್ಲ ನಮ್ಮ ಮನೆಯಲ್ಲೇ ಇದ್ದರು

ಕಾಲೇಜಿನ ಕ್ರೀಡಾ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ, ತಮ್ಮ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಈ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಅಂತರ ಕಾಲೇಜು ಟ್ರೋಫಿ ಗೆದ್ದು ತಂದಿದ್ದಕ್ಕೆ ಮೊದಲು ಅಭಿನಂದನೆ. ಅಭಿನಂದನೆ ಮುಗಿಯಿತು, ಇನ್ನು ದೂರು. ಆ ತಂಡದ ಹನ್ನೆರಡನೇ ನಂಬರಿನ ಆಟಗಾರ್ತಿ ನನ್ನ ಮಗಳು. ಮುಂದಿನ ಋತುವಿನ ತಂಡದಿಂದ ತಾವು ಅವಳನ್ನು ಕೈಬಿಟ್ಟಿದ್ದೀರಿ. ಕಾರಣವನ್ನೂ ಚೊಕ್ಕವಾಗಿ ಟೈಪ್ ಮಾಡಿಸಿ ಸೂಚನಾ ಫಲಕಕ್ಕೆ ಅಂಟಿಸಿದ್ದೀರಿ: 'ಇಡೀ ಋತುವಿನಲ್ಲಿ ಗಳಿಸಿದ ಅಂಕ ಸೊನ್ನೆ. ತಂಡದ ಯಶಸ್ಸಿಗೆ ಕೊಡುಗೆ ಇಲ್ಲ.' ಮೊದಲನೇ ವಾಕ್ಯ ಅಪ್ಪಟ ನಿಜ. ಎರಡನೆಯದರ ಬಗ್ಗೆ ನನಗೆ ನಾಲ್ಕು ಮಾತು ಹೇಳುವುದಿದೆ. ತಮ್ಮ ಕಚೇರಿಗೇ ಬಂದು ಹೇಳಿದಾಗ ಅವು ತಮ್ಮ ಕಿವಿಗೆ ಬೀಳಲಿಲ್ಲವಾದ್ದರಿಂದ ಈಗ ಈ ಬಹಿರಂಗ ಪತ್ರದಲ್ಲಿ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನಾನು ಯಾರೆಂದು ತಿಳಿಸಿಬಿಡುತ್ತೇನೆ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಆಮೆಯ ಹಾಗೆ ತೆವಳುವ ಕಾರೊಂದು ಎಂದಾದರೂ ತಮ್ಮ ಮುಂದೆ ಸಿಕ್ಕಿ, ತಾವು ತಾಳ್ಮೆಗೆಟ್ಟು ಹಾರನ್ ಬಾರಿಸಿದ್ದರೆ, ಅದರೊಳಗೆ ಪಕ್ಕದ ಸೀಟಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದವಳು ಬಹುಶಃ ನಾನೇ. ನನ್ನ ಕೈಯಲ್ಲಿ ಸ್ಟೀರಿಂಗ್ ಇರುವುದಿಲ್ಲ. ಕಾಲ ಕೆಳಗೆ ಹೆಚ್ಚುವರಿ ಬ್ರೇಕ್ ಒಂದಿರುತ್ತದೆ, ಅಷ್ಟೆ. ಕಲಿತವರಿಗೆ ಲೈಸೆನ್ಸ್ ಸಿಗುತ್ತದೆ, ಸಿಹಿ ಹಂಚುತ್ತಾರೆ, ಆಮೇಲೆ ರಸ್ತೆಯಲ್ಲಿ ಕಂಡರೆ ಗುರುತೂ ಹಿಡಿಯದೆ ನನ್ನನ್ನೇ ಹಿಂದೆ ಹಾಕಿ ಹೋಗುತ್ತಾರೆ. ಹೋಗಲಿ, ಚೆನ್ನಾಗಿರಲಿ. ಆದರೆ ಪಕ್ಕದಲ್ಲಿ ಕೂತಿದ್ದವಳು ಸುಮ್ಮನೆ ಸವಾರಿ ಹೋಗಿ ಬಂದಳು ಎಂದು ಇದುವರೆಗೆ ಯಾವ ಅಧಿಕಾರಿಯೂ ನನಗೆ ಹೇಳಿಲ್ಲ. ಹೇಳಿದ್ದರೆ ಅವರನ್ನೇ ಒಂದು ಬೆಳಿಗ್ಗೆ ನನ್ನ ಸೀಟಿನಲ್ಲಿ ಕೂರಿಸಿ, ಹೊಸದಾಗಿ ಸೇರಿದವರ ಕೈಗೆ ಕೀಲಿ ಕೊಡುತ್ತಿದ್ದೆ.

ಇನ್ನು ಮಗಳ ವಿಷಯ. ಅವಳಿಗೆ ಚಿಕ್ಕಂದಿನಿಂದಲೂ ಒಂದು ಚಾಳಿ. ಯಾರನ್ನಾದರೂ ಕಣ್ಣು ಬಿಟ್ಟು ನೋಡಿದಳೆಂದರೆ ಅವರ ನಡಿಗೆ, ನಿಲುವು, ಕೆಮ್ಮು, ಕೈ ಬೀಸುವ ರೀತಿ ಎಲ್ಲವೂ ಅವಳ ಮೈಗೆ ಅಂಟಿಕೊಳ್ಳುತ್ತವೆ. ಮನೆಗೆ ಬಂದ ನೆಂಟರು ಗೇಟು ದಾಟುವ ಮೊದಲೇ ಅವರನ್ನು ಆಡಿ ತೋರಿಸಿ ನನ್ನ ಹತ್ತಿರ ಎಷ್ಟು ಬೈಸಿಕೊಂಡಿದ್ದಾಳೋ ಲೆಕ್ಕವಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ಅವಳೇನೂ ಮಹಾ ಪ್ರತಿಭೆಯಲ್ಲ, ಹೆತ್ತವಳು ನಾನೇ ಒಪ್ಪುತ್ತೇನೆ. ಎತ್ತರ ಸಾಧಾರಣ, ಓಟ ಸಾಧಾರಣ. ತಂಡಕ್ಕೆ ಸೇರಿದ್ದೇ ಕೊನೆಯವಳಾಗಿ. ಋತು ಶುರುವಾಗುವ ಮುಂಚೆ ಒಂದು ಸಂಜೆ, ಅಭ್ಯಾಸದ ನಡುವಿನ ಬಿಡುವಿನಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಎಡಗೈ ಆಟಗಾರ್ತಿ ಚೆಂಡು ಪುಟಿಸುತ್ತ ಹೇಗೆ ನುಗ್ಗುತ್ತಾಳೆಂದು ಗೆಳತಿಯರಿಗೆ ಆಡಿ ತೋರಿಸುತ್ತಿದ್ದಳಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಕೋಚ್ ಮೇಡಂ ಒಬ್ಬರು ಮಾತ್ರ ನಗಲಿಲ್ಲ. 'ಇನ್ನೊಂದ್ ಸಲ ಮಾಡು. ಈ ಸಲ ಇವ್ರನ್ನೆಲ್ಲ ದಾಟ್ಕೊಂಡು ಹೋಗು' ಅಂದರಂತೆ. ದಾಟಿಕೊಂಡು ಹೋಗಿ ಬುಟ್ಟಿಗೆ ಚೆಂಡು ಹಾಕಿಯೇ ಬಂದಳು. ತಂಡದ ಐದೂ ಜನ ಕಕ್ಕಾಬಿಕ್ಕಿ.

ಅಂದೇ ಅವಳ ಉದ್ಯೋಗ ನಿಗದಿಯಾಯಿತು. ಮುಂದಿನ ಪಂದ್ಯ ಯಾರ ಮೇಲೋ, ಅವರ ಅತ್ಯುತ್ತಮ ಆಟಗಾರ್ತಿ ತಾನಾಗಿ, ವಾರವಿಡೀ ಅಭ್ಯಾಸದಲ್ಲಿ ನಮ್ಮವರಿಗೆ ನೀರು ಕುಡಿಸುವುದು. ಪಂದ್ಯದ ದಿನ ಬೆಂಚಿನ ಮೇಲೆ ಕೂತು ನಮ್ಮವರು ಅದೇ ಆಟಗಾರ್ತಿಗೆ ನೀರು ಕುಡಿಸುವುದನ್ನು ನೋಡುವುದು. ಗೆಳತಿಯರು ಅವಳಿಗೆ 'ವೈರಿ' ಎಂದು ಹೆಸರಿಟ್ಟರು. ಪ್ರೀತಿಯಿಂದಲೇ ಇಟ್ಟದ್ದು. ಬೀದಿಯಲ್ಲಿ ಕಂಡರೆ 'ಏ ವೈರಿ, ಚಾ ಕುಡಿಯೋಣ ಬಾರೇ' ಎಂದು ಕೂಗುವಷ್ಟು ಪ್ರೀತಿ.

ತಮಗೆ ಇದೆಲ್ಲ ಕೋರ್ಟಿನ ಗೆರೆಯೊಳಗಿನ ಮಾತು. ನಮಗೆ ಹಾಗಲ್ಲ. ಅವಳಿಗೆ ಒಬ್ಬರನ್ನು ಕೋರ್ಟಿನಲ್ಲಿ ಬಿಟ್ಟು ಮನೆಗೆ ಬರಲು ತಿಳಿಯದು, ಕರೆದುಕೊಂಡೇ ಬರುತ್ತಾಳೆ. ಎಂಜಿನಿಯರಿಂಗ್ ಕಾಲೇಜಿನ ವಾರ ಪೂರ್ತಿ ನಮ್ಮ ಮನೆಯಲ್ಲಿ ಎಡಗೈ ಕಾರುಬಾರು. ಹಲ್ಲುಜ್ಜುವುದು ಎಡಗೈಯಲ್ಲಿ, ಚಿಲಕ ತೆಗೆಯುವುದು ಎಡಗೈಯಲ್ಲಿ, ಅಜ್ಜಿಗೆ ಟೀ ಬಗ್ಗಿಸುವುದು ಎಡಗೈಯಲ್ಲಿ. ಟೀ ಲೋಟಕ್ಕೆ ಬೀಳದೆ ಅಜ್ಜಿಯ ಕನ್ನಡಕದ ಡಬ್ಬಿಗೆ ಬಿತ್ತು. ನರ್ಸಿಂಗ್ ಕಾಲೇಜಿನಲ್ಲಿ ಒಬ್ಬಳಿದ್ದಾಳೆ, ಎತ್ತ ನೋಡುತ್ತಾಳೋ ಅತ್ತ ಚೆಂಡು ಕೊಡುವುದಿಲ್ಲ. ಆ ವಾರ ನಾನು ಅಡುಗೆಮನೆಯಲ್ಲಿ ಈರುಳ್ಳಿ ಕೇಳಿದರೆ ಮಗಳು ಕಿಟಕಿಯಾಚೆ ನೋಡುತ್ತ ಬೆನ್ನ ಹಿಂದಿನಿಂದ ನನ್ನತ್ತ ಎಸೆಯುತ್ತಿದ್ದಳು. ಒಂದು ಹಿಡಿದೆ, ಒಂದು ಹಣೆಗೆ ಬಿತ್ತು.

ಕಾನೂನು ಕಾಲೇಜಿನ ನಾಯಕಿಯನ್ನು ಮಾತ್ರ ನಾನು ಜನ್ಮದಲ್ಲಿ ಮರೆಯಲಾರೆ. ಎರಡೂ ಬಗೆಯ ಕೋರ್ಟಿಗೆ ಹೇಳಿ ಮಾಡಿಸಿದ ಹುಡುಗಿ. ಸೀಟಿ ಊದಿದಾಗಲೆಲ್ಲ ಎರಡೂ ಕೈ ಮೇಲೆತ್ತಿ, ಕಣ್ಣರಳಿಸಿ, ರೆಫ್ರಿಯ ಹಿಂದೆ ಹಿಂದೆಯೇ ಹೋಗಿ ವಾದ ಮಾಡುತ್ತಾಳೆ. ಆ ವಾರ ನಮ್ಮ ಮನೆಯಲ್ಲಿ ಗಾಜಿನ ಜಗ್ಗು ಒಡೆಯಿತು. ಸದ್ದು ಕೇಳಿ ಓಡಿ ಬಂದರೆ ಮಗಳು ಚೂರುಗಳ ನಡುವೆ ಎರಡೂ ಕೈ ಎತ್ತಿ ನಿಂತಿದ್ದಾಳೆ. 'ನಾನು ಮುಟ್ಟೇ ಇಲ್ಲ. ಅದೇ ಬಂದು ನಂಗೆ ಹೊಡೀತು. ಅಜ್ಜೀನ ಕೇಳಿ ಬೇಕಾದ್ರೆ' ಅಂದಳು. ನಮ್ಮಮ್ಮ, ಅಂದರೆ ಅವಳ ಅಜ್ಜಿ, ಕೂತಲ್ಲಿಂದಲೇ ತೀರ್ಪು ಕೊಟ್ಟರು: ಇವಳನ್ನು ಆ ಕಾಲೇಜಿಗೇ ಸೇರಿಸಿಬಿಡು, ಫೀಸು ನಾನು ಕೊಡುತ್ತೇನೆ.

ನಗಬೇಡಿ, ಅಥವಾ ನಗಿ, ಆದರೆ ಫೈನಲ್ ನೆನಪಿಸಿಕೊಳ್ಳಿ. ಎದುರಿಗೆ ವೈದ್ಯಕೀಯ ಕಾಲೇಜು. ಅವರಲ್ಲಿ ಎಲ್ಲರೂ 'ಗೋಡೆ' ಎಂದು ಕರೆಯುವ ಆ ಭಾರಿ ಹುಡುಗಿ. ಅವಳು ಬುಟ್ಟಿಗೆ ಎಸೆಯುತ್ತಾಳೋ ಪಕ್ಕದವರಿಗೆ ಕೊಡುತ್ತಾಳೋ ಎಂದು ಆ ಋತುವಿನಲ್ಲಿ ಯಾವ ತಂಡಕ್ಕೂ ತಿಳಿದಿರಲಿಲ್ಲ. ಮಗಳು ಅವರ ಸೆಮಿಫೈನಲ್ ನೋಡಿ ಬಂದು ಗೋಡೆಯನ್ನು ಮೈಮೇಲೆ ಹಾಕಿಕೊಂಡಳು. ಅಭ್ಯಾಸದ ಎರಡನೇ ದಿನ ನಮ್ಮ ನಾಯಕಿ ಆಟ ನಿಲ್ಲಿಸಿ ಕೇಳಿದಳಂತೆ, 'ಏ ವೈರಿ, ಬಾಲ್ ಎಸೆಯೋ ಮುಂಚೆ ನೀನ್ಯಾಕೆ ಎಡಗಡೆ ಭುಜ ಮೇಲೆ ಎಳ್ಕೋತೀಯಾ?' ಮಗಳು, 'ನಾನೆಲ್ಲಿ ಎಳ್ಕೋತೀನಿ?' ಅಂದಳಂತೆ. ಅವಳಿಗೇ ಗೊತ್ತಿರಲಿಲ್ಲ. ಕಣ್ಣು ಕಂಡದ್ದನ್ನು ಮೈ ತಾನಾಗಿ ಬರೆದುಕೊಂಡಿತ್ತು. ಬುಟ್ಟಿಗೆ ಎಸೆಯುವುದಾದರೆ ಭುಜ ಏಳುತ್ತದೆ, ಪಕ್ಕದವರಿಗೆ ಕೊಡುವುದಾದರೆ ಏಳುವುದಿಲ್ಲ. ಗೋಡೆಗೆ ಅಲ್ಲೊಂದು ಬಾಗಿಲಿತ್ತು.

ಕೊನೆಯ ಗಳಿಗೆ ತಮಗೂ ನೆನಪಿರಬೇಕು. ನಾವು ಒಂದೇ ಅಂಕ ಮುಂದೆ, ಚೆಂಡು ಗೋಡೆಯ ಕೈಯಲ್ಲಿ. ಪ್ರೇಕ್ಷಕರೆಲ್ಲ ಚೆಂಡನ್ನು ನೋಡುತ್ತಿದ್ದರು, ನಾನು ಆ ಹುಡುಗಿಯ ಭುಜ ನೋಡುತ್ತಿದ್ದೆ. ವಾರದಿಂದ ಆ ಭುಜ ನಮ್ಮ ಊಟದ ಮೇಜಿನ ಆಚೆ ಬದಿಗೆ ಕೂತಿತ್ತಲ್ಲ. ಅವಳು ಜಿಗಿಯುವ ಹಾಗೆ ಮಾಡಿದಳು, ಆದರೆ ಭುಜ ಏಳಲಿಲ್ಲ. ನಮ್ಮ ನಾಯಕಿ ಗೋಡೆಯನ್ನು ಬಿಟ್ಟು, ಇನ್ನೂ ಹೊರಟೇ ಇರದ ಚೆಂಡಿನ ದಾರಿಗೆ ಅಡ್ಡ ಹಾರಿದಳು. ಚೆಂಡು ಅವಳ ಕೈಗೇ ಬಂತು, ಗಂಟೆ ಹೊಡೆಯಿತು, ಟ್ರೋಫಿ ನಮ್ಮದಾಯಿತು. ನಮ್ಮ ನಾಯಕಿ ಚೆಂಡನ್ನು ಅಲ್ಲೇ ಬಿಸಾಕಿ ಮೊದಲು ಓಡಿದ್ದು ಎಲ್ಲಿಗೆ ಎಂದು ತಾವು ಗಮನಿಸಿದಿರಾ? ಗಮನಿಸಿರಲಾರಿರಿ, ತಾವಾಗಲೇ ಫೋಟೋದವರ ಕಡೆಗೆ ಓಡುತ್ತಿದ್ದಿರಿ. ಅವಳು ಬೆಂಚಿಗೆ ಓಡಿ ಬಂದು ನನ್ನ ಮಗಳನ್ನು ಎತ್ತಿ ಗಿರ್ರನೆ ತಿರುಗಿಸಿದಳು.

ಮರುವಾರದ ಸಮಾರಂಭದಲ್ಲಿ ತಾವು ಬಹಳ ಹೊತ್ತು ಮಾತಾಡಿದಿರಿ. ಗೆಲುವಿಗೆ ಕಾರಣ ತಮ್ಮ ದೂರದೃಷ್ಟಿ ಎಂದಿರಿ, ಹೊಸದಾಗಿ ಬಣ್ಣ ಬಳಿಸಿದ ಬುಟ್ಟಿ ಕಂಬಗಳು ಎಂದಿರಿ, ನಾಯಕಿಯ ಆರನೇ ಇಂದ್ರಿಯ ಎಂದಿರಿ. ಆ ಆರನೇ ಇಂದ್ರಿಯ ಆ ಹೊತ್ತಿನಲ್ಲಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿತ್ತು. ಗೇಟಿನ ಮೇಲಿನ ಬ್ಯಾನರಿನ ಬಗ್ಗೆ ನಾನೇನೂ ಹೇಳುವುದಿಲ್ಲ. ಅದರಲ್ಲಿ ತಮ್ಮ ಮುಖ ಬಸ್ಸಿನ ಚಕ್ರದಷ್ಟಿದ್ದು, ಇಡೀ ತಂಡ ತಮ್ಮ ಅಂಗಿಯ ಜೇಬಿನ ಪಕ್ಕದಲ್ಲಿ ಒತ್ತಿಕೊಂಡು ನಿಂತಿರುವುದು ಮುದ್ರಣದವರ ತಪ್ಪೇ ಇರಬೇಕು.

ಸೂಚನೆ ಅಂಟಿಸಿದ ಮೇಲೆ ನಾನು ತಮ್ಮ ಕಚೇರಿಗೆ ಬಂದೆ. ಬಂದವರು ಕೂರುವ ಕುರ್ಚಿಯಲ್ಲಿ ಟ್ರೋಫಿ ಕೂತಿತ್ತು, ನಾನು ನಿಂತೇ ಮಾತಾಡಿದೆ. ಮೇಲೆ ಬರೆದ ಅಷ್ಟನ್ನೂ ಈರುಳ್ಳಿ ಸಮೇತ ಹೇಳಿದೆ. ಕೋಚ್ ಮೇಡಂ ಕೂಡ ಪಕ್ಕದಲ್ಲಿ ನಿಂತು, ಈ ಹುಡುಗಿ ಇಲ್ಲದಿದ್ದರೆ ಅರ್ಧ ಪಂದ್ಯ ಕೈತಪ್ಪುತ್ತಿತ್ತು ಎಂದು ಒತ್ತಿ ಹೇಳಿದರು. ತಾವು ಎಲ್ಲ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿ, ನನ್ನ ಮಗಳ ಭವಿಷ್ಯ ಎಷ್ಟು ಸರಾಗವಾಗಿ ಇತ್ಯರ್ಥ ಮಾಡಿದಿರಿ:

'ನೋಡಿ ಮೇಡಂ, ನೀವು ಹೇಳ್ತಿರೋದು ಮಿಮಿಕ್ರಿ. ಮಿಮಿಕ್ರಿ ನಮ್ ವಿಭಾಗಕ್ಕೆ ಬರಲ್ಲ, ಸಾಂಸ್ಕೃತಿಕ ವಿಭಾಗಕ್ಕೆ ಬರುತ್ತೆ. ಅಲ್ಲೊಂದು ಅರ್ಜಿ ಕೊಡಿ, ವಾರ್ಷಿಕೋತ್ಸವದಲ್ಲಿ ಐದ್ ನಿಮಿಷ ಕೊಡ್ಸೋಣ.'

ಮಾನ್ಯರೇ, ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು, ಆದರೆ ತಮ್ಮ ಕಚೇರಿಯಲ್ಲಿ ಬ್ರೇಕ್ ಇರಲಿಲ್ಲ. ಒಂದೆರಡು ಸಂಶಯ ಉಳಿದಿವೆ, ದಯವಿಟ್ಟು ಪರಿಹರಿಸಿ. ವೈದ್ಯಕೀಯ ಕಾಲೇಜಿನ ಮೇಲೆ ಗೆದ್ದದ್ದು ಮಿಮಿಕ್ರಿಯಿಂದ ಎಂದಾದರೆ ಆ ಟ್ರೋಫಿಯನ್ನು ಸಾಂಸ್ಕೃತಿಕ ವಿಭಾಗಕ್ಕೆ ಯಾವಾಗ ಕಳಿಸಿಕೊಡುತ್ತೀರಿ? ಅಂಕ ಗಳಿಸಿದವರೇ ಆಡಿದವರು ಎಂಬ ಲೆಕ್ಕ ಹಿಡಿದರೆ, ತಾವು ಈ ಋತುವಿನಲ್ಲಿ ಬುಟ್ಟಿಗೆ ಹಾಕಿದ ಚೆಂಡುಗಳೆಷ್ಟು? ಅವಳ ಜಾಗಕ್ಕೆ ತಾವು ತಂದ ನೀಳಕಾಯದ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಒಳ್ಳೆಯ ಮಗು, ಅಟ್ಟದ ಮೇಲಿನ ಸೂಟ್‌ಕೇಸನ್ನು ಸ್ಟೂಲಿಲ್ಲದೆ ಇಳಿಸಬಲ್ಲಳು. ಆದರೆ ಮುಂದಿನ ವರ್ಷ ಅವಳು ಯಾರ ಎದುರು ಅಭ್ಯಾಸ ಮಾಡಬೇಕು? ತಮ್ಮ ಬಣ್ಣದ ಕಂಬಗಳ ಎದುರೇ?

ಇಷ್ಟು ಹೊತ್ತು ತಮಾಷೆ ಮಾಡಿದೆ. ಈಗ ಹೇಳುವುದು ತಮಾಷೆಯಲ್ಲ. ಫೈನಲ್ ಮುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಾನೂ ಮಗಳೂ ಖಾಲಿ ಕೋರ್ಟಿನ ಹತ್ತಿರ ಬಂದಿದ್ದೆವು. ಬಿಸಿಲಿಗೆ ನೆಲ ಕಾದಿತ್ತು. ಯಾರೋ ಮರೆತು ಹೋದ ಚೆಂಡೊಂದು ಬೇಲಿಯ ಪಕ್ಕದಲ್ಲಿ ಬಿದ್ದಿತ್ತು. 'ಎಲ್ಲರ ಆಟ ತೋರಿಸಿದ್ದಾಯ್ತು, ಈಗ ನಿನ್ನ ಆಟ ತೋರಿಸೇ' ಅಂದೆ. ನಗುತ್ತ ಚೆಂಡು ಎತ್ತಿಕೊಂಡಳು. ಎಡಗೈಯಲ್ಲಿ ಪುಟಿಸಿ ನಾಲ್ಕು ಹೆಜ್ಜೆ ಹೋಗಿ ನಿಂತಳು. 'ಇದು ಎಂಜಿನಿಯರಿಂಗ್‌ದು' ಅಂದಳು. ತಿರುಗಿ ಬಂದು, ಅತ್ತ ನೋಡುತ್ತ ಇತ್ತ ಎಸೆಯಲು ಹೋಗಿ ಮತ್ತೆ ನಿಂತಳು. ಬುಟ್ಟಿಯ ಕೆಳಗೆ ಹೋಗಿ ಕೈ ಎತ್ತಿದಳು, ಭುಜ ಮೇಲೆದ್ದಿತು, ಚೆಂಡನ್ನು ಎಸೆಯದೆ ಕೆಳಗಿಳಿಸಿದಳು. ಆಮೇಲೆ ಅದನ್ನು ಎದೆಗವಚಿಕೊಂಡು ನನ್ನ ಕಡೆ ತಿರುಗಿದಳು.

'ಅಮ್ಮಾ, ಇದ್ರಲ್ಲಿ ನಂದು ಯಾವ್ದು ಅಂತ ಗೊತ್ತಾಗ್ತಿಲ್ಲ' ಅಂದಳು.

ನಾನು ಅವಳ ತಲೆ ಸವರಿದೆ. ಅವಳೇ ನನಗೆ ಸಮಾಧಾನ ಹೇಳಿದಳು. ಕೋಚ್ ಮೇಡಂ ಮಾತು ಕೊಟ್ಟಿದ್ದಾರೆ, ಮುಂದಿನ ವರ್ಷ ಒಂದಾದರೂ ಪಂದ್ಯದಲ್ಲಿ ತನ್ನನ್ನು ಇಳಿಸುತ್ತಾರೆ, ಆಗ ಗೊತ್ತಾಗುತ್ತದೆ, ನೀನು ಯಾಕೆ ಮುಖ ಸಣ್ಣ ಮಾಡಿಕೊಳ್ಳುತ್ತೀ ಎಂದಳು. ಮುಂದಿನ ವರ್ಷ ಅವಳ ಕೊನೆಯ ವರ್ಷ. ಮರುದಿನ ಬೆಳಿಗ್ಗೆ ತಮ್ಮ ಸೂಚನೆ ಹೊರಬಿತ್ತು. ಅದನ್ನು ಓದಿ ಬಂದು ಅವಳು ಅಳಲಿಲ್ಲ, ಜಗಳವಾಡಲಿಲ್ಲ, ಯಾರನ್ನೂ ಆಡಿ ತೋರಿಸಲೂ ಇಲ್ಲ. ಅಂದಿನಿಂದ ನಮ್ಮ ಮನೆಗೆ ಯಾರೂ ಬಂದಿಲ್ಲ. ಅಜ್ಜಿಯ ಟೀ ಸರಿಯಾಗಿ ಲೋಟಕ್ಕೇ ಬೀಳುತ್ತಿದೆ, ಅಜ್ಜಿ ಅದನ್ನು ಕುಡಿಯದೆ ಮೊಮ್ಮಗಳ ಮುಖ ನೋಡುತ್ತ ಕೂರುತ್ತಾರೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ವೇದಿಕೆ ಬೇಡ, ಪ್ರಶಸ್ತಿಪತ್ರ ಬೇಡ, ಬ್ಯಾನರಿನಲ್ಲಿ ಜಾಗವಂತೂ ಬೇಡವೇ ಬೇಡ. ಅವಳ ಹೆಸರನ್ನು ತಂಡಕ್ಕೆ ಮತ್ತೆ ಸೇರಿಸಿ. ಬರುವ ಋತುವಿನಲ್ಲಿ ಯಾವುದಾದರೂ ಒಂದು ಪಂದ್ಯದಲ್ಲಿ, ತಮಗೆ ಅಷ್ಟೇನೂ ಮುಖ್ಯವಲ್ಲದ ಪಂದ್ಯವಾದರೂ ಸರಿ, ಅವಳನ್ನು ಒಂದಿಷ್ಟು ಹೊತ್ತು ಕೋರ್ಟಿಗೆ ಇಳಿಸಲು ಕೋಚ್ ಮೇಡಂಗೆ ಅನುಮತಿ ಕೊಡಿ. ಇಳಿಸುವಾಗ ನೀನು ಇಂಥವಳಾಗು ಎಂದು ಯಾರೂ ಹೇಳಬಾರದು. ಆಗಲೂ ಸೊನ್ನೆಯೇ ಬಂದರೆ ಸಂತೋಷವಾಗಿ ಬರೆದುಕೊಳ್ಳಿ, ನಾನು ತಕರಾರು ತೆಗೆಯುವುದಿಲ್ಲ. ಊರಲ್ಲಿರುವ ಎಲ್ಲರ ಮಕ್ಕಳು ಹೇಗೆ ಆಡುತ್ತಾರೆಂದು ಮನೆಯಲ್ಲೇ ಕೂತು ನೋಡಿದ್ದಾಯಿತು. ನನ್ನ ಮಗಳು ಹೇಗೆ ಆಡುತ್ತಾಳೆಂದು ನಾನಿನ್ನೂ ನೋಡಿಲ್ಲ.

ಇಂತಿ,
ಋತುವಿಡೀ ಪರರ ಮಕ್ಕಳನ್ನು ಸಾಕಿ, ಈಗ ತನ್ನದನ್ನು ಕೇಳುತ್ತಿರುವ
ಒಬ್ಬಳು ತಾಯಿ