ದೀಪ ಹಚ್ಚಿದ ಮೇಲೆ ಗುಡಿಸಿದ ಕಸ

ನನ್ನ ಹಟಮಾರಿ ಅವ್ವನಿಗೆ,

ಆ ಸಂಜೆ ನೆನಪಿದೆಯಾ? ನೀನು ಬೋಗಾದಿಯ ನಾಲ್ಕು ಮನೆಗಳ ಕಸ ಗುಡಿಸಿ, ನೆಲ ಒರೆಸಿ, ಹಿನಕಲ್‌ನ ನಮ್ಮ ಮನೆಗೆ ಬಂದು ಕಾಲು ಚಾಚಿ ಕೂತಿದ್ದೆ. ಕಥೆಗಳಲ್ಲಿ ಬರುವ ಹೊಸ್ತಿಲು, ಒಲೆ, ಪೊರಕೆ ಏನನ್ನು ಸೂಚಿಸುತ್ತವೆ ಎನ್ನುವುದು ನನ್ನ ಪಿಎಚ್‌ಡಿ ವಿಷಯ. ಅಂಥದ್ದೊಂದು ಕಥೆಯನ್ನು ನಿನಗೆ ಓದಿ ಹೇಳುತ್ತಿದ್ದೆ. ಅದರಲ್ಲಿ ಸೊಸೆ ದೇವರಿಗೆ ದೀಪ ಹಚ್ಚುತ್ತಾಳೆ, ಆಮೇಲೆ ಪೊರಕೆ ಹಿಡಿದು ಬಾಗಿಲಾಚೆಗೆ ಕಸ ಗುಡಿಸುತ್ತಾಳೆ. "ಲೇಖಕರಿಗೆ ಮನೆ ಪದ್ಧತಿಯೇ ಗೊತ್ತಿಲ್ಲ ನೋಡವ್ವ" ಎಂದು ನಕ್ಕೆ. ನೀನು ನಗಲಿಲ್ಲ.

"ಅಂಗಲ್ಲ ಕಣ್ ಮಗ. ದೀಪ ಅಚ್ಚಿದ್ಮೇಲೆ ಗುಡುಸ್ಬಾರ್ದು ಅಂತ ಅವ್ಳಿಗ್ ಗೊತ್ತು. ಬೇಕಂತ್ಲೇ ಗುಡುಸ್ತಾವ್ಳೆ. ಆ ಮನೆ ಲಕ್ಷ್ಮೀನ ಆಚೆಗ್ ತಳ್ತಾವ್ಳೆ. ನೋಡ್ತಿರು, ಅವ್ಳೂ ಒಂಟೋಯ್ತಾಳೆ."

ಸೊಸೆ ಕೊನೆಗೆ ಮನೆ ಬಿಡುತ್ತಾಳೆಂದು ನನಗೆ ಗೊತ್ತಿತ್ತು. ಪೊರಕೆ ಹಿಡಿದಾಗಲೇ ಹೊರಟಿದ್ದಳೆಂದು ಗೊತ್ತಿರಲಿಲ್ಲ. ಸಹಿ ಮಾಡಲೂ ಬಾರದ ನಿನಗೆ ಅದು ಹೇಗೆ... ಹೊಟ್ಟೆಕಿಚ್ಚಾಯಿತು ಅವ್ವ, ಸುಳ್ಳೇಕೆ ಹೇಳಲಿ?

ಆ ಅಧ್ಯಾಯವನ್ನು ಹೊಸದಾಗಿ ಬರೆದು, ಅಡಿಟಿಪ್ಪಣಿಯಲ್ಲಿ ನಿನ್ನ ಹೆಸರು ಹಾಕಿದ ದಿನ ನನ್ನ ಗೈಡ್ ಕೆಂಪು ಗೆರೆ ಎಳೆದರು. "ಇದನ್ನ ಆಧಾರ ಅಂತ ಒಪ್ಪಲ್ಲಮ್ಮ. ವೈವಾದಲ್ಲಿ ಸಿಕ್ಕಿಹಾಕ್ಕೋತೀರಿ." ನೀನೂ ಅವರ ಕಡೆಗೇ ಸೇರಿಕೊಂಡೆ: "ತಗ್ದಾಕ್ಬುಡು, ನನ್ನಿಂದ ನಿನ್ ಓದು ಕೆಡಬಾರ್ದು." ಅದೇ ತಿಂಗಳು ನೀನು ಕಣ್ಮುಚ್ಚಿದೆ... ನಾನು ತೆಗೆಯಲಿಲ್ಲ. ಹಟ ನಿನ್ನದೇ ತಾನೆ?

ಮೊನ್ನೆ ವೈವಾದಲ್ಲಿ, ಹೊರಗಿನಿಂದ ಬಂದಿದ್ದ ಪರೀಕ್ಷಕಿ ಸೀದಾ ಆ ಪುಟಕ್ಕೇ ಬಂದರು. "ಚಿಕ್ಕತಾಯಮ್ಮ ಅಂದ್ರೆ ಯಾರು? ಇದು ಅವರ ಯಾವ ಪುಸ್ತಕದ್ದು?" ಗೈಡ್ ತಲೆ ತಗ್ಗಿಸಿದರು. ನಾನು ಹೇಳಿದೆ: "ನಮ್ಮವ್ವ, ಮೇಡಂ. ಇಪ್ಪತ್ತು ವರ್ಷ ಬೇರೆಯವರ ಮನೆ ಗುಡಿಸಿದವರು. ಪುಸ್ತಕ ಓದೋಕೆ ಬರ್ತಿರ್ಲಿಲ್ಲ, ಪೊರಕೆ ಗೊತ್ತಿತ್ತು." ಅವರು ಕನ್ನಡಕ ತೆಗೆದಿಟ್ಟರು. "ಪ್ರತಿ ವರ್ಷ ಈ ಕಥೆ ಪಾಠ ಮಾಡ್ತೀನಿ ಕಣ್ರೀ. ಇದು ಲೇಖಕರ ತಪ್ಪು ಅಂತಾನೇ ಹೇಳ್ಕೊಡ್ತಿದ್ದೆ" ಎಂದರು.

ಡಾಕ್ಟರೇಟ್ ಬಂತು ಅವ್ವ! ಪ್ರಬಂಧ ಪುಸ್ತಕವಾಗುತ್ತಿದೆ. ಕೊನೆಯಲ್ಲಿ, ಆಧಾರಗಳ ಪಟ್ಟಿಯಲ್ಲಿ, ದೊಡ್ಡ ದೊಡ್ಡ ಪಂಡಿತರ ನಡುವೆ ನೀನೂ ಕೂತಿದ್ದೀಯ. ಯಾರೂ ಗೆರೆ ಎಳೆಯಲಿಲ್ಲ: ಚಿಕ್ಕತಾಯಮ್ಮ, ಮಗಳೊಂದಿಗೆ ಮಾತುಕತೆ, ಹಿನಕಲ್ ಮನೆ.

ನಿನ್ನ ಮಗಳು