ಬೆನ್ನ ಮೇಲಿನ ನಕ್ಷತ್ರ

ಭಾನುವಾರ, ಸಂಜೆ

ನನ್ನ ಮುದ್ದು ಮೀನಮ್ಮನಿಗೆ,

ಈಜು ಶಿಬಿರದಲ್ಲಿ ಫೋನು ಕಿತ್ತಿಟ್ಟುಕೊಂಡಿದ್ದು ಒಳ್ಳೆಯದೇ ಆಯಿತು ಬಿಡು, ನಿನ್ನ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು! ನಿನ್ನ ಕಾಗದ, ಫೋಟೋ ಎರಡೂ ಹೊಲಿಗೆ ಮಿಷನ್ನಿನ ಮೇಲೇ ಇವೆ.

ಬೆನ್ನಿಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸಿಕೊಂಡು ದಿನವಿಡೀ ಬಿಸಿಲಲ್ಲಿ ಈಜುವುದಂತೆ, ಕಿತ್ತಾಗ ಯಾರ ನಕ್ಷತ್ರ ಬೆಳ್ಳಗೆ ಎದ್ದು ಕಾಣುತ್ತದೋ ಅವಳೇ ತಂಡದ ನಾಯಕಿಯಂತೆ. ನಿಮ್ಮ ಬುದ್ಧಿಗಿಷ್ಟು! ನಾನು ಕಳಿಸಿದ ಸನ್‌ಸ್ಕ್ರೀನ್ ಏನಾಯಿತು ಅಂದರೆ, 'ಮುಖಕ್ಕೆ ಹಚ್ಕೋತೀವಮ್ಮಾ, ಫೋಟೋ ಚೆನ್ನಾಗಿ ಬರ್ಲಿ ಅಂತ. ಬೆನ್ನಿಗೂ ಹಚ್ಕೊಂಡ್ರೆ ಅಜ್ಜಿ ಅಂತ ರೇಗಿಸ್ತಾರೆ' ಎಂದು ಬರೆದಿದ್ದೀಯ. ನಿನ್ನಪ್ಪನಿಗೂ ಓದಿ ಹೇಳಿ ಇಬ್ಬರೂ ನಕ್ಕೆವು.

ಆಮೇಲೆ ಫೋಟೋ ನೋಡಿದೆ. ಎಲ್ಲರೂ ಬೆನ್ನು ತಿರುಗಿಸಿ ಸಾಲಾಗಿ ನಿಂತಿದ್ದೀರಿ. ನಿನ್ನ ಬೆನ್ನನ್ನು ಯಾರೂ ನನಗೆ ತೋರಿಸಬೇಕಾಗಿಲ್ಲ, ನೀನು ಹುಟ್ಟಿದಾಗಿನಿಂದ ಅಳತೆ ಟೇಪು ಹಿಡಿದವಳು ನಾನು. ಹೋದ ಸಲ ಅಳತೆ ತೆಗೆದಾಗ ಭುಜದ ಕೆಳಗಿನ ಆ ಮಚ್ಚೆ ಗುಂಡುಸೂಜಿಯ ತಲೆಯಷ್ಟಿತ್ತು. ಅದು ಕಾಣಬಾರದೆಂದು ನಕ್ಷತ್ರವನ್ನು ಸರಿಯಾಗಿ ಅದರ ಮೇಲೇ ಅಂಟಿಸಿಕೊಂಡೆಯಲ್ಲ ಮಗಳೇ! ಕಿತ್ತ ಮೇಲೆ ಉಳಿದ ಬಿಳಿ ನಕ್ಷತ್ರದ ನಡುವೆ ಆ ಮಚ್ಚೆ ಈಗ ಅಂಗಿಯ ಗುಂಡಿಯಷ್ಟಾಗಿದೆ. ಅಂಚು ಒಂದು ಕಡೆ ಕಂದು, ಒಂದು ಕಡೆ ಕಪ್ಪು. 'ಕೀಳುವಾಗ ಸ್ವಲ್ಪ ರಕ್ತ ಬಂತು, ಗೋಂದಿಗೆ ಇರಬೇಕು' ಎಂದು ಬರೆದಿದ್ದೀಯ. ಆ ಸಾಲನ್ನು ಎರಡು ಸಲ ಓದಿದೆ.

ಗಾಬರಿಯಾಗುವಂಥದ್ದೇನಿಲ್ಲ. ಉದ್ದ ತೋಳಿನ ಅಂಗಿಯೊಂದನ್ನು ಹೊಲಿದು ಈ ಕಾಗದದ ಜೊತೆ ಅಪ್ಪನ ಕೈಯಲ್ಲಿ ಕಳಿಸಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಹಾಕಿಕೋ. ನೀನೇ ನಾಯಕಿಯಾದೆ ಎಂದು ಅಪ್ಪ ಬೀದಿಗೆಲ್ಲ ಸಾರಿ ಬಂದಿದ್ದಾರೆ. ನನಗೂ ಹೆಮ್ಮೆಯೇ, ಸುಳ್ಳು ಹೇಳುವುದಿಲ್ಲ.

ನಿನ್ನ,
ಅಮ್ಮ

ತಾ.ಕ.: ಅಪ್ಪ ಅಂಗಿ ಕೊಟ್ಟು ಹೋಗಲು ಬಂದಿಲ್ಲ, ನಿನ್ನನ್ನು ಕರೆದುಕೊಂಡು ಬರಲು ಬಂದಿದ್ದಾರೆ. ಫೋಟೋವನ್ನು ಚರ್ಮದ ಡಾಕ್ಟರಿಗೆ ತೋರಿಸಿದ್ದೆ. ಸ್ಪರ್ಧೆ ಮುಗಿಯಲಿ ಅಂದೆ, ಅವರು ಆಗಲೇ ದೊಡ್ಡಾಸ್ಪತ್ರೆಗೆ ತಾವೇ ಫೋನು ಮಾಡಿದರು. ನಾಳೆ ಬೆಳಿಗ್ಗೆಯೇ ಹೋಗಬೇಕು. ಅತ್ತು ರಂಪ ಮಾಡಬೇಡ, ಕಾರು ಹತ್ತು. ಇನ್ನೊಂದು ಮಾತು: ಫೋಟೋದಲ್ಲಿ ನಿನ್ನ ಪಕ್ಕ ನಿಂತಿರುವ ಗಿಡ್ಡ ಹುಡುಗಿ ಇನ್ನೂ ನಕ್ಷತ್ರ ಕಿತ್ತಿಲ್ಲ. ಹೊರಡುವ ಮುಂಚೆ ಅವಳು ಅದನ್ನು ಯಾಕೆ ಅಲ್ಲೇ ಅಂಟಿಸಿಕೊಂಡಳು ಅಂತ ಕೇಳು.